ಪೈಥಾನ್ ಕಲಿಯಲು ಯಾವ ಪುಸ್ತಕದಿಂದ ಆರಂಭಿಸಬೇಕು? ಲೆಕ್ಕಪತ್ರದ ಕೆಲಸದಲ್ಲಿರುವವರ ಪ್ರಶ್ನೆ

ಬಂದರುಲೆಕ್ಕ (ಮಲ್ಪೆ)

ಎಲ್ಲರಿಗೂ ನಮಸ್ಕಾರ. ನಾನು ಮಲ್ಪೆ ಬಂದರಿನ ಹತ್ತಿರ ಮೀನು ವ್ಯಾಪಾರದ ಸಂಸ್ಥೆಯೊಂದರಲ್ಲಿ ಲೆಕ್ಕಪತ್ರ ನೋಡಿಕೊಳ್ಳುತ್ತಿದ್ದೇನೆ. ಓದಿದ್ದು ಬಿ.ಕಾಂ., ಹೈಸ್ಕೂಲಿನ ತನಕ ಕನ್ನಡ ಮಾಧ್ಯಮ. ಎಕ್ಸೆಲ್ ಚೆನ್ನಾಗಿ ಬರುತ್ತದೆ. ಪ್ರೋಗ್ರಾಮಿಂಗ್ ಮಾತ್ರ ಇದುವರೆಗೆ ಕಲಿತಿಲ್ಲ. ನಮ್ಮಲ್ಲಿ ಒಂದೊಂದು ಬೋಟಿನ ಡೀಸೆಲ್, ಮಂಜುಗಡ್ಡೆ, ಬಲೆ ದುರಸ್ತಿಯ ಖರ್ಚು ಮತ್ತು ಹರಾಜಿನಲ್ಲಿ ಬಂದ ಹಣ ಬೇರೆ ಬೇರೆ ಎಕ್ಸೆಲ್ ಕಡತಗಳಲ್ಲಿರುತ್ತದೆ. ತಿಂಗಳ ಕೊನೆಗೆ ಅವನ್ನೆಲ್ಲ ಒಂದೊಂದಾಗಿ ತೆರೆದು, ಬಂಗುಡೆಯದ್ದೆಷ್ಟು, ಬೂತಾಯಿಯದ್ದೆಷ್ಟು, ಅಂಜಲಿನದ್ದೆಷ್ಟು ಎಂದು ಒಟ್ಟುಗೂಡಿಸುವ ಕೆಲಸ ಕೈಯಲ್ಲೇ ನಡೆಯುತ್ತಿದೆ. ಇದನ್ನು ಪೈಥಾನ್ ಎಂಬ ಪ್ರೋಗ್ರಾಮಿಂಗ್ ಭಾಷೆಯಲ್ಲಿ ಸುಲಭವಾಗಿ ಮಾಡಬಹುದೆಂದು ತಿಳಿದವರು ಹೇಳಿದ್ದಾರೆ.

ಜೂನ್ 1ರಿಂದ ಜುಲೈ 31ರವರೆಗೆ ಯಾಂತ್ರೀಕೃತ ದೋಣಿಗಳಿಗೆ ಮೀನುಗಾರಿಕೆ ನಿಷೇಧವಿರುವ ಕಾರಣ ಆ 61 ದಿನಗಳಲ್ಲಿ ನಮಗೆ ಕೆಲಸದ ಒತ್ತಡ ಕಡಿಮೆ. ಆ ಬಿಡುವಿನಲ್ಲಿ ಪುಸ್ತಕ ಹಿಡಿದು ಕ್ರಮವಾಗಿ ಕಲಿಯಬೇಕೆಂಬ ಆಸೆಯಿದೆ. ವಿಡಿಯೋ ನೋಡಿದರೆ ಆಗ ಅರ್ಥವಾದಂತೆ ಅನಿಸುತ್ತದೆ, ಮರುದಿನ ಕೈಗೆ ಬರುವುದಿಲ್ಲ. ಪುಸ್ತಕವಾದರೆ ನನ್ನ ವೇಗದಲ್ಲಿ ಹಿಂದೆ ಮುಂದೆ ಹೋಗಬಹುದು. ಆದರೆ ಯಾವ ಪುಸ್ತಕ ಎಂಬಲ್ಲಿಯೇ ನಿಂತುಬಿಟ್ಟಿದ್ದೇನೆ. ಬೆಂಗಳೂರಿನಲ್ಲಿರುವ ಅಕ್ಕನ ಮಗ ‘ಲರ್ನಿಂಗ್ ಪೈಥಾನ್’ ತೆಗೆದುಕೊಳ್ಳಲು ಹೇಳಿದ್ದಾನೆ. ಅದು ಸಾವಿರ ಪುಟಗಳನ್ನು ಮೀರಿದ ಪುಸ್ತಕ. ಪರಿಚಿತರೊಬ್ಬರು ತಮ್ಮ ಮಗಳು ಓದಿದ ಹಳೆಯ ಪುಸ್ತಕವೊಂದನ್ನು ಕೊಡುವುದಾಗಿ ಹೇಳಿದ್ದಾರೆ. ಇಂಟರ್‌ನೆಟ್ಟಿನಲ್ಲಿ ಉಚಿತವಾಗಿಯೂ ಕೆಲವು ಸಿಗುತ್ತವೆಯಂತೆ. ಇಂಗ್ಲಿಷ್ ಓದಿದರೆ ಅರ್ಥವಾಗುತ್ತದೆ, ಆದರೆ ನಿಧಾನ. ನಮ್ಮ ಕಡತಗಳಲ್ಲಿ ಮೀನಿನ ಹೆಸರು, ಬೋಟಿನ ಹೆಸರು ಎಲ್ಲವೂ ಕನ್ನಡದಲ್ಲಿಯೇ ಇವೆ. ಅದರಿಂದ ತೊಂದರೆಯಾಗಬಹುದೇ ಎಂಬುದನ್ನೂ ತಿಳಿದವರು ದಯವಿಟ್ಟು ತಿಳಿಸಬೇಕು.

ಕೊಣಾಜೆಗುಡ್ಡೆ (ಮಂಗಳೂರು)

ನಮಸ್ಕಾರ. ನಾನು ಪದವಿ ತರಗತಿಗಳಿಗೆ ಕಂಪ್ಯೂಟರ್ ವಿಜ್ಞಾನ ಪಾಠ ಮಾಡುವವನು. ಅತ್ಯುತ್ತಮ ಪುಸ್ತಕ ಯಾವುದೆಂದು ಕೇಳುವವರೇ ಹೆಚ್ಚು. ಪುಸ್ತಕ ಮುಗಿಯುವ ಹೊತ್ತಿಗೆ ತಮ್ಮ ಕೈಯಿಂದ ಯಾವ ಕೆಲಸ ಆಗಬೇಕೆಂದು ಹೇಳುವವರು ಕಡಿಮೆ. ನೀವು ಅದನ್ನು ಸ್ಪಷ್ಟವಾಗಿ ಹೇಳಿರುವುದರಿಂದ ಉತ್ತರ ಕೊಡುವುದು ಸುಲಭವಾಗಿದೆ.

ಮೊದಲು ಆ ಹಳೆಯ ಪುಸ್ತಕದ ವಿಚಾರ. ಗೈಡೊ ವಾನ್ ರಾಸಮ್ ಅವರು 1991ರಲ್ಲಿ ಮೊದಲು ಹೊರತಂದ ಪೈಥಾನ್, 2008ರ ಡಿಸೆಂಬರಿನಲ್ಲಿ ಮೂರನೆಯ ಆವೃತ್ತಿಗೆ ಬಂದಾಗ ಹಿಂದಿನದರೊಂದಿಗೆ ಹೊಂದಿಕೆಯಾಗದ ಬದಲಾವಣೆಗಳನ್ನು ಮಾಡಿಕೊಂಡಿತು. ಎರಡನೆಯ ಆವೃತ್ತಿಗೆ ನೀಡುತ್ತಿದ್ದ ಬೆಂಬಲವನ್ನು 2020ರ ಜನವರಿ 1ಕ್ಕೆ ನಿಲ್ಲಿಸಲಾಯಿತು. ಹಳೆಯ ಪುಸ್ತಕ ಯಾವ ಆವೃತ್ತಿಯದ್ದೆಂದು ತಿಳಿಯಲು ಪೀಠಿಕೆ ಓದಬೇಕಾಗಿಲ್ಲ. ಯಾವುದಾದರೂ ಉದಾಹರಣೆಯಲ್ಲಿ ಪ್ರಿಂಟ್ ಎಂಬ ಆದೇಶದ ನಂತರ ಆವರಣ ಚಿಹ್ನೆ ಇಲ್ಲದಿದ್ದರೆ ಅದು ಎರಡನೆಯ ಆವೃತ್ತಿಯ ಪುಸ್ತಕ. ಅದರಿಂದ ಕಲಿಯಲು ಹೊರಟರೆ ಮೊದಲ ಪಾಠದ ಮೊದಲ ಸಾಲಿನಲ್ಲಿಯೇ ದೋಷದ ಸಂದೇಶ ಬರುತ್ತದೆ, ತಪ್ಪು ಯಾರದ್ದೆಂದು ಹೊಸಬರಿಗೆ ತಿಳಿಯುವುದಿಲ್ಲ. ದೋಷದ ಸಂದೇಶ ಬಂದರಾದರೂ ಎಚ್ಚರವಾಗುತ್ತದೆ; ಲೆಕ್ಕದವರಿಗೆ ಇನ್ನೂ ಅಪಾಯದ್ದು ಭಾಗಾಕಾರ. 5ನ್ನು 2ರಿಂದ ಭಾಗಿಸಿದರೆ ಎರಡನೆಯ ಆವೃತ್ತಿ 2 ಎನ್ನುತ್ತದೆ, ಮೂರನೆಯದು 2.5 ಎನ್ನುತ್ತದೆ. ಆದ್ದರಿಂದ ಉಚಿತವಾಗಿ ಸಿಕ್ಕರೂ ಅಂಥ ಪುಸ್ತಕವನ್ನು ತೆಗೆದುಕೊಳ್ಳಬೇಡಿ.

‘ಲರ್ನಿಂಗ್ ಪೈಥಾನ್’ ಒಳ್ಳೆಯ ಗ್ರಂಥ. ಮಾರ್ಕ್ ಲುಟ್ಜ್ ಅವರು ಒಂದು ವಿಷಯವನ್ನು ಕೈಗೆತ್ತಿಕೊಂಡರೆ ಅದರ ಮೂಲೆಮೂಲೆಯನ್ನೂ ಶೋಧಿಸಿ ಬರೆಯುತ್ತಾರೆ. ಆದರೆ ನಿಮ್ಮ ಸ್ಥಿತಿಯಲ್ಲಿ ಅದನ್ನು ಹಿಡಿಯುವುದೆಂದರೆ, 1894ರಲ್ಲಿ ನಮ್ಮ ಮಂಗಳೂರಿನ ಬಾಸೆಲ್ ಮಿಷನ್ ಮುದ್ರಣಾಲಯದಲ್ಲಿ ಅಚ್ಚಾದ ಕಿಟ್ಟೆಲ್ ನಿಘಂಟನ್ನು ಮೊದಲ ಪುಟದಿಂದ ಓದುತ್ತಾ ಕನ್ನಡ ಕಲಿಯಲು ಹೊರಟ ಹಾಗೆ. ಅಕ್ಕನ ಮಗ ಆ ಕ್ಷೇತ್ರದಲ್ಲಿಯೇ ಕೆಲಸ ಮಾಡುವವರಾದರೆ ಅವರಿಗೆ ಅದು ಉಪಯುಕ್ತವೆನಿಸಿದ್ದು ಸಹಜವೇ.

ನಿಮಗೆ ನಾನು ಸೂಚಿಸುವುದು ಆಲ್ ಸ್ವೈಗಾರ್ಟ್ ಅವರ ‘ಆಟೊಮೇಟ್ ದ ಬೋರಿಂಗ್ ಸ್ಟಫ್ ವಿತ್ ಪೈಥಾನ್’. ಕಚೇರಿಯಲ್ಲಿ ದಿನವೂ ಕೈಯಿಂದ ಮಾಡುವ ಕೆಲಸಗಳನ್ನು ಕಂಪ್ಯೂಟರಿಗೆ ವಹಿಸುವುದೇ ಆ ಪುಸ್ತಕದ ಉದ್ದೇಶ. ಮೊದಲ ಭಾಗದಲ್ಲಿ ಭಾಷೆಯ ಮೂಲಪಾಠಗಳಿವೆ. ಎರಡನೆಯ ಭಾಗದಲ್ಲಿ ಎಕ್ಸೆಲ್, ಪಿಡಿಎಫ್, ವರ್ಡ್, ಸಿಎಸ್‌ವಿ (ಅಲ್ಪವಿರಾಮಗಳಿಂದ ಬೇರ್ಪಡಿಸಿದ ಪಟ್ಟಿ) ಕಡತಗಳು, ಇಮೇಲ್ ಕಳುಹಿಸುವುದು ಇತ್ಯಾದಿ ಬರುತ್ತವೆ. ಲೇಖಕರು ಇಡೀ ಪುಸ್ತಕವನ್ನು ತಮ್ಮ ಜಾಲತಾಣದಲ್ಲಿ ಉಚಿತವಾಗಿ ಓದಲು ಇಟ್ಟಿದ್ದಾರೆ. ಮುದ್ರಿತ ಪ್ರತಿ ಕೊಳ್ಳುವುದಾದರೆ 2015ರ ಮೊದಲ ಆವೃತ್ತಿಯನ್ನು ಬಿಟ್ಟು 2019ರದ್ದನ್ನೋ ಅದಕ್ಕಿಂತ ಹೊಸದನ್ನೋ ಕೇಳಿ ತೆಗೆದುಕೊಳ್ಳಿ. ಎಕ್ಸೆಲ್ ಕಡತ ಓದಲು ಅದರಲ್ಲಿ ಬಳಸುವ ಓಪನ್‌ಪೈಎಕ್ಸ್ಎಲ್ ಎಂಬ ಲೈಬ್ರರಿ (ಸಿದ್ಧ ಪ್ರೋಗ್ರಾಂಗಳ ಸಂಗ್ರಹ) ಆಮೇಲೆ ಬದಲಾಗಿದೆ. ಹಾಳೆಯನ್ನು ಹೆಸರು ಹೇಳಿ ಪಡೆಯುವುದಕ್ಕೆ ಮೊದಲ ಆವೃತ್ತಿ ಕಲಿಸುವ ಕ್ರಮವನ್ನು ಈಗ ಹಳತೆಂದು ಬದಿಗಿಡಲಾಗಿದೆ.

ಪೈಥಾನಿನವರದ್ದೇ ಅಧಿಕೃತ ಟ್ಯುಟೋರಿಯಲ್ ಇದೆಯಲ್ಲ ಎಂದು ಯಾರಾದರೂ ಹೇಳಬಹುದು. ಅದು ಬೇರೆ ಭಾಷೆಯಲ್ಲಿ ಪ್ರೋಗ್ರಾಂ ಬರೆದು ಅಭ್ಯಾಸವಿರುವವರಿಗಾಗಿ ಬರೆದದ್ದು. ಅದರಲ್ಲಿಯೇ ಹಾಗೆಂದು ಹೇಳಿದ್ದಾರೆ.

ಸ್ವರ್ಣಾತೀರ (ಮಣಿಪಾಲ)

ಮೇಲಿನ ಉತ್ತರದಲ್ಲಿ ಹೇಳಿದ ಬಹುಪಾಲನ್ನು ನಾನು ಒಪ್ಪುತ್ತೇನೆ, ಒಂದು ವಿಷಯದಲ್ಲಿ ಮಾತ್ರ ಭಿನ್ನಾಭಿಪ್ರಾಯವಿದೆ. ಮೊದಲ ಬಾರಿಗೆ ಕಲಿಯುವವರಿಗೆ ಪುಸ್ತಕ ಆರಿಸುವಾಗ ನಾನು ವಿವರಣೆಗಿಂತ ಮೊದಲು ಅಭ್ಯಾಸಗಳನ್ನು ನೋಡುತ್ತೇನೆ. ಸ್ವೈಗಾರ್ಟ್ ಅವರ ಪುಸ್ತಕದಲ್ಲಿ ಪ್ರಶ್ನೆಗಳೂ ಅಭ್ಯಾಸದ ಪ್ರಾಜೆಕ್ಟುಗಳೂ ಅಧ್ಯಾಯದ ಕೊನೆಯಲ್ಲಿ ಬರುತ್ತವೆ. ಎರಿಕ್ ಮ್ಯಾಥಿಸ್ ಅವರ ‘ಪೈಥಾನ್ ಕ್ರ್ಯಾಶ್ ಕೋರ್ಸ್’ನಲ್ಲಿ ಕೆಲವು ಪುಟಗಳಿಗೊಮ್ಮೆ, ಆಗಷ್ಟೇ ಓದಿದ ವಿಷಯದ ಮೇಲೆ ಸಣ್ಣ ಸಣ್ಣ ಅಭ್ಯಾಸಗಳು ಬರುತ್ತವೆ. ಕಚೇರಿ ಮುಗಿಸಿ ಬಂದು ರಾತ್ರಿ ಸ್ವಲ್ಪ ಹೊತ್ತು ಕುಳಿತುಕೊಳ್ಳುವವರಿಗೆ, ಅದರಲ್ಲಿಯೂ ಇಂಗ್ಲಿಷನ್ನು ನಿಧಾನವಾಗಿ ಓದುವವರಿಗೆ, ಮೂರು ಪುಟ ಓದಿ ಎರಡು ಅಭ್ಯಾಸ ಮಾಡಿ ಎದ್ದರೆ ಆ ದಿನದ ಕಲಿಕೆ ಅಷ್ಟರ ಮಟ್ಟಿಗೆ ಪೂರ್ಣವಾಗಿರುತ್ತದೆ. ಇಡೀ ಅಧ್ಯಾಯ ಮುಗಿಯುವ ತನಕ ಕಾಯಬೇಕಾದರೆ ಆರಂಭದಲ್ಲಿ ಓದಿದ್ದು ಅಷ್ಟರಲ್ಲಿ ಮಸುಕಾಗಿರುತ್ತದೆ. ಆದ್ದರಿಂದ ಕ್ರ್ಯಾಶ್ ಕೋರ್ಸಿನ ಮೊದಲ ಭಾಗದ ಹನ್ನೊಂದು ಅಧ್ಯಾಯಗಳನ್ನು ಮುಗಿಸಿ, ಎರಡನೆಯ ಭಾಗದ ಮೂರು ಪ್ರಾಜೆಕ್ಟುಗಳನ್ನು ಈಗ ಹಾಗೆಯೇ ಬಿಟ್ಟು, ಅಲ್ಲಿಂದ ನೇರವಾಗಿ ಸ್ವೈಗಾರ್ಟ್ ಅವರ ಎಕ್ಸೆಲ್ ಅಧ್ಯಾಯಕ್ಕೆ ಬನ್ನಿ. ಆಟ ಬರೆಯುವುದು, ಜಾಲತಾಣ ಕಟ್ಟುವುದು ನಿಮ್ಮ ಕೆಲಸಕ್ಕೆ ಸದ್ಯ ಬೇಕಾಗಿಲ್ಲ. 2023ರ ಮೂರನೆಯ ಆವೃತ್ತಿಯನ್ನೇ ಕೇಳಿ.

ಕನ್ನಡ ದತ್ತಾಂಶದ ಬಗ್ಗೆ ನೀವು ಕೇಳಿದ ಪ್ರಶ್ನೆಗೆ ಈ ಯಾವ ಪುಸ್ತಕವೂ ಬೇಕಾದಷ್ಟು ಉತ್ತರ ಕೊಡುವುದಿಲ್ಲ, ಏಕೆಂದರೆ ಅವುಗಳ ಉದಾಹರಣೆಗಳೆಲ್ಲ ಇಂಗ್ಲಿಷಿನಲ್ಲಿವೆ. ಆದ್ದರಿಂದ ಇದನ್ನು ಇಲ್ಲಿಯೇ ಸ್ವಲ್ಪ ವಿವರವಾಗಿ ಬರೆಯುತ್ತೇನೆ.

ಪೈಥಾನ್ ಮೂರನೆಯ ಆವೃತ್ತಿಯಲ್ಲಿ ಎಲ್ಲ ಪಠ್ಯವೂ ಯೂನಿಕೋಡ್, ಅಂದರೆ ಎಲ್ಲ ಭಾಷೆಗಳ ಅಕ್ಷರಗಳಿಗೂ ಒಂದೊಂದು ಸಂಖ್ಯೆ ಕೊಡುವ ಸಂಕೇತಕ್ರಮದಲ್ಲಿದೆ. ‘ಬೆಲೆ = 120’ ಎಂದು ಕನ್ನಡದ ಹೆಸರನ್ನೇ ಕೊಟ್ಟು ಬರೆದರೂ ನಡೆಯುತ್ತದೆ. ಕನ್ನಡದ ಅಂಕಿಗಳಲ್ಲಿ ‘೧೨’ ಎಂದು ಬರೆದ ಪಠ್ಯವನ್ನು ಇಂಟ್ ಫಂಕ್ಷನ್ನಿಗೆ ಕೊಟ್ಟರೆ ಅದು 12 ಎಂಬ ಸಂಖ್ಯೆಯನ್ನೇ ಹಿಂದಿರುಗಿಸುತ್ತದೆ. ಆದರೆ ‘ಬಂಗುಡೆ’ಯ ಉದ್ದ ಎಷ್ಟೆಂದು ಕೇಳಿದರೆ ನೀವು ಎಣಿಸುವ ಮೂರು ಅಕ್ಷರಗಳ ಬದಲಿಗೆ 6 ಎಂಬ ಉತ್ತರ ಬರುತ್ತದೆ, ಅನುಸ್ವಾರವನ್ನೂ ಸ್ವರಚಿಹ್ನೆಗಳನ್ನೂ ಅದು ಬೇರೆಬೇರೆಯಾಗಿ ಎಣಿಸುತ್ತದೆ. ಪುಸ್ತಕದಲ್ಲಿ ಹೆಸರಿನ ಮೊದಲ ಮೂರು ಅಕ್ಷರಗಳನ್ನು ಕತ್ತರಿಸುವ ಅಭ್ಯಾಸ ಬಂದಾಗ ಅದನ್ನು ಕನ್ನಡದ ಹೆಸರಿನ ಮೇಲೆ ಮಾಡಿದರೆ ‘ಬಂಗ’ ಎಂದಷ್ಟೇ ಉಳಿಯುತ್ತದೆ. ಆಗ ನಿಮ್ಮ ಪ್ರೋಗ್ರಾಂ ತಪ್ಪಿದೆ ಎಂದುಕೊಳ್ಳಬೇಡಿ.

ಎಕ್ಸೆಲ್‌ನ ಹೊಸ ಮಾದರಿಯ ಕಡತಗಳಲ್ಲಿ ಕನ್ನಡ ಯೂನಿಕೋಡಿನಲ್ಲಿದ್ದರೆ ಓದಲು ಯಾವ ತೊಂದರೆಯೂ ಇಲ್ಲ. ಸಿಎಸ್‌ವಿ ಅಥವಾ ಸಾದಾ ಪಠ್ಯದ ಕಡತವಾದರೆ, ತೆರೆಯುವಾಗಲೇ ಎನ್‌ಕೋಡಿಂಗ್ ಯುಟಿಎಫ್-8 (ಯೂನಿಕೋಡ್ ಅಕ್ಷರಗಳನ್ನು ಕಡತದಲ್ಲಿ ಉಳಿಸುವ ಕ್ರಮ) ಎಂದು ಬರೆಯುವುದನ್ನು ಅಭ್ಯಾಸ ಮಾಡಿಕೊಳ್ಳಿ. ಅದನ್ನು ಬರೆಯದಿದ್ದರೆ ವಿಂಡೋಸ್ ಕಂಪ್ಯೂಟರಿನಲ್ಲಿ ಪೈಥಾನ್ ಸಾಮಾನ್ಯವಾಗಿ ಹಳೆಯ ಪಾಶ್ಚಾತ್ಯ ಸಂಕೇತಕ್ರಮವನ್ನು ಹಿಡಿಯುತ್ತದೆ, ಕನ್ನಡ ಬಂದ ಕೂಡಲೇ ದೋಷ ತೋರಿಸಿ ನಿಲ್ಲುತ್ತದೆ, ಇಲ್ಲವೇ ಅರ್ಥವಿಲ್ಲದ ಚಿಹ್ನೆಗಳನ್ನು ಕೊಡುತ್ತದೆ. ಇನ್ನೊಂದು ಮುಖ್ಯ ಸಂಗತಿ: ನಿಮ್ಮ ಹಳೆಯ ಕಡತಗಳು ‘ನುಡಿ’ ಅಥವಾ ‘ಬರಹ’ ಎಂಬ ಕನ್ನಡ ತಂತ್ರಾಂಶದ ಯೂನಿಕೋಡ್ ಅಲ್ಲದ ಫಾಂಟಿನಲ್ಲಿದ್ದರೆ, ಪರದೆಯ ಮೇಲೆ ಕನ್ನಡ ಕಂಡರೂ ಕಡತದ ಒಳಗಿರುವುದು ರೋಮನ್ ಅಕ್ಷರ ಮತ್ತು ಚಿಹ್ನೆಗಳೇ. ಅವನ್ನು ಮೊದಲು ಯೂನಿಕೋಡಿಗೆ ಪರಿವರ್ತಿಸಿಕೊಳ್ಳದೆ ಪ್ರೋಗ್ರಾಂ ಬರೆಯಲು ಹೊರಡಬೇಡಿ. ನಮ್ಮ ಜಿಲ್ಲೆಯ ಎಷ್ಟೋ ಕಚೇರಿಗಳಲ್ಲಿ ಇಂದಿಗೂ ಇಂಥ ಕಡತಗಳಿವೆ, ಹೀಗಾಗಿ ಈ ಮಾತನ್ನು ಒತ್ತಿ ಹೇಳುತ್ತಿದ್ದೇನೆ.

ಪಂಚಗಂಗಾವಳಿ (ಕುಂದಾಪುರ)

ನಾನು ಶಾಲಾ ಶಿಕ್ಷಕಿ. ನಿಧಾನವಾಗಿ ಇಂಗ್ಲಿಷ್ ಓದುವವರ ದೃಷ್ಟಿಯಿಂದ ಎರಡು ಮಾತು ಸೇರಿಸುತ್ತೇನೆ.

ಎನ್‌ಸಿಇಆರ್‌ಟಿಯ ಹನ್ನೊಂದನೆಯ ತರಗತಿಯ ಕಂಪ್ಯೂಟರ್ ಸೈನ್ಸ್ ಪುಸ್ತಕವನ್ನು ಇಲ್ಲಿ ಯಾರೂ ಹೇಳದೆ ಇರುವುದು ನನಗೆ ಆಶ್ಚರ್ಯ. ಐದನೆಯ ಅಧ್ಯಾಯದಿಂದ ಅದರಲ್ಲಿ ಪೈಥಾನ್ ಪಾಠಗಳಿವೆ, ಎಲ್ಲ ಅಧ್ಯಾಯಗಳೂ ಎನ್‌ಸಿಇಆರ್‌ಟಿಯ ಜಾಲತಾಣದಲ್ಲಿ ಉಚಿತವಾಗಿ ಸಿಗುತ್ತವೆ. ವಾಕ್ಯಗಳು ಚಿಕ್ಕವು, ನಮ್ಮ ದೇಶದ ಮಕ್ಕಳಿಗಾಗಿಯೇ ಬರೆದದ್ದರಿಂದ ಉದಾಹರಣೆಗಳಲ್ಲಿ ರೂಪಾಯಿ, ಅಂಕಪಟ್ಟಿ, ಬಡ್ಡಿಯ ಲೆಕ್ಕ ಮುಂತಾದ ಪರಿಚಿತ ಸಂಗತಿಗಳು ಬರುತ್ತವೆ. ಅಮೆರಿಕದ ಪುಸ್ತಕಗಳಲ್ಲಿ ಅವರ ಆಟ, ಅವರ ತಿಂಡಿ, ಅವರ ಹಾಸ್ಯ ಬಂದಾಗ ಕನ್ನಡ ಮಾಧ್ಯಮದಲ್ಲಿ ಓದಿದವರು ಪ್ರೋಗ್ರಾಂ ಅರ್ಥವಾಗಲಿಲ್ಲವೋ ಇಂಗ್ಲಿಷ್ ಅರ್ಥವಾಗಲಿಲ್ಲವೋ ಎಂದು ತಿಳಿಯದೆ ಪುಸ್ತಕ ಮುಚ್ಚಿಡುವುದನ್ನು ನಾನು ಕಂಡಿದ್ದೇನೆ. ಪಠ್ಯಪುಸ್ತಕವೆಂಬ ಕಾರಣಕ್ಕೆ ಇದನ್ನು ಕಡೆಗಣಿಸಬಾರದು.

ಅಲೆನ್ ಡೌನಿ ಅವರ ‘ಥಿಂಕ್ ಪೈಥಾನ್’ ಕೂಡ ಉಚಿತವಾಗಿ ಓದಲು ಸಿಗುತ್ತದೆ. ಅದರ ಪ್ರತಿ ಅಧ್ಯಾಯದ ಕೊನೆಗೆ ಆ ಅಧ್ಯಾಯದಲ್ಲಿ ಬಂದ ಪಾರಿಭಾಷಿಕ ಪದಗಳ ಅರ್ಥಕೋಶವೂ, ದೋಷ ಹುಡುಕುವುದು ಹೇಗೆಂಬ ಟಿಪ್ಪಣಿಯೂ ಇವೆ. ಆ ಟಿಪ್ಪಣಿಗಳನ್ನಾದರೂ ಓದಿ. ದೋಷದ ಸಂದೇಶವನ್ನು ಕೆಳಗಿನ ಸಾಲಿನಿಂದ ಮೇಲಕ್ಕೆ ಓದಬೇಕೆಂಬುದು ತಿಳಿದರೆ ಅರ್ಧ ಭಯ ಹೋಗುತ್ತದೆ.

ಪ್ರೋಗ್ರಾಂ ಬರೆಯಲು ಥಾನಿ ಎಂಬ ತಂತ್ರಾಂಶವನ್ನು ಹಾಕಿಕೊಳ್ಳಿ. ಎಸ್ಟೋನಿಯಾದ ಟಾರ್ಟು ವಿಶ್ವವಿದ್ಯಾಲಯದಲ್ಲಿ ಹೊಸಬರಿಗಾಗಿಯೇ ರೂಪಿಸಿದ್ದು. ಒಂದೊಂದೇ ಹೆಜ್ಜೆ ನಡೆಸುತ್ತಾ ಯಾವ ಹೆಸರಿನಲ್ಲಿ ಈಗ ಯಾವ ಮೌಲ್ಯವಿದೆ ಎಂದು ಪಕ್ಕದಲ್ಲಿಯೇ ತೋರಿಸುತ್ತದೆ.

ಬಂದರುಲೆಕ್ಕ (ಮಲ್ಪೆ)

ಮೂವರಿಗೂ ಧನ್ಯವಾದಗಳು. ಹಳೆಯ ಪುಸ್ತಕವನ್ನು ತರಿಸಿ ನೋಡಿದೆ; ಪ್ರಿಂಟ್ ಎಂಬುದರ ಮುಂದೆ ಆವರಣ ಚಿಹ್ನೆ ಇಲ್ಲ, ಆದ್ದರಿಂದ ಹಿಂದಿರುಗಿಸಿದ್ದೇನೆ.

ಉಚಿತವಾಗಿ ಸಿಗುವ ಪುಸ್ತಕಗಳಲ್ಲಿ ಒಂದೇ ವಿಷಯವನ್ನು ಆರಿಸಿಕೊಂಡು ಎಲ್ಲದರಲ್ಲಿಯೂ ಓದಿ ನೋಡಿದೆ. ನಾನು ಆರಿಸಿದ್ದು ಡಿಕ್ಷನರಿ (ಒಂದೊಂದು ಹೆಸರಿಗೆ ಒಂದೊಂದು ಮೌಲ್ಯವನ್ನು ಜೋಡಿಸಿಡುವ ಪಟ್ಟಿ) ಎಂಬ ವಿಷಯ, ಏಕೆಂದರೆ ಮೀನಿನ ಹೆಸರಿಗೆ ತಕ್ಕಂತೆ ಮೊತ್ತ ಕೂಡಿಸಲು ಅದೇ ಬೇಕೆಂದು ಅಕ್ಕನ ಮಗ ಹೇಳಿದ. ಸ್ವೈಗಾರ್ಟ್ ಅವರ ಪುಸ್ತಕದಲ್ಲಿ ಅದನ್ನು ಹೆಸರು ಮತ್ತು ಹುಟ್ಟಿದ ದಿನಗಳ ಪಟ್ಟಿಯ ಮೂಲಕ ವಿವರಿಸಿದ್ದಾರೆ, ಬೇಗ ಅರ್ಥವಾಯಿತು. ‘ಥಿಂಕ್ ಪೈಥಾನ್’ನಲ್ಲಿ ಒಂದು ಪದದಲ್ಲಿ ಯಾವ ಅಕ್ಷರ ಎಷ್ಟು ಸಲ ಬಂದಿದೆ ಎಂದು ಎಣಿಸುವ ಉದಾಹರಣೆ ಇದೆ. ಅದನ್ನು ಓದುವಾಗ, ಅಕ್ಷರದ ಜಾಗದಲ್ಲಿ ಬಂಗುಡೆ, ಬೂತಾಯಿ ಇಟ್ಟು, ಒಂದು ಕೂಡಿಸುವ ಬದಲು ಹರಾಜಿನ ಮೊತ್ತ ಕೂಡಿಸಿದರೆ ನನ್ನ ಕೆಲಸ ಅದೇ ಅಲ್ಲವೇ ಎನಿಸಿತು. ನಾಲ್ಕೈದು ಸಾಲು ಬರೆದು ನೋಡಿದೆ, ಉತ್ತರವೂ ಬಂತು. ಆದರೆ ಬಂಗುಡೆಗೆ ಎರಡು ಬೇರೆಬೇರೆ ಮೊತ್ತಗಳು ಬಂದಿವೆ, ಕಾರಣ ತಿಳಿಯಲಿಲ್ಲ. ಅಲ್ಲದೆ, ಪಾಂಡಾಸ್ ಎಂಬ ದತ್ತಾಂಶ ವಿಶ್ಲೇಷಣೆಯ ಲೈಬ್ರರಿಯನ್ನು ಕಲಿತರೆ ಇದೆಲ್ಲ ಒಂದೇ ಸಾಲಿನಲ್ಲಿ ಆಗುತ್ತದೆ ಎನ್ನುತ್ತಾರೆ. ಹಾಗಾದರೆ ನೇರವಾಗಿ ಪಾಂಡಾಸ್ ಪುಸ್ತಕವನ್ನೇ ತೆಗೆದುಕೊಳ್ಳಬಹುದೇ?

ಕೊಣಾಜೆಗುಡ್ಡೆ (ಮಂಗಳೂರು)

ಒಂದೇ ವಿಷಯವನ್ನು ಹಲವು ಪುಸ್ತಕಗಳಲ್ಲಿ ಓದಿ ಹೋಲಿಸಿದ್ದು ತುಂಬ ಒಳ್ಳೆಯ ಕ್ರಮ. ಪುಸ್ತಕ ಆರಿಸುವ ಎಲ್ಲರೂ ಹಾಗೆ ಮಾಡಬೇಕೆಂದು ನನ್ನ ಆಸೆ. ಮೊದಲ ಅಧ್ಯಾಯ ಎಲ್ಲ ಪುಸ್ತಕಗಳಲ್ಲಿಯೂ ಸುಲಭವಾಗಿಯೇ ಇರುತ್ತದೆ. ನಡುವಿನ ಕಷ್ಟದ ವಿಷಯವನ್ನು ಯಾರು ಹೇಗೆ ದಾಟಿಸುತ್ತಾರೆ ಎಂಬುದರಲ್ಲಿ ವ್ಯತ್ಯಾಸ ತಿಳಿಯುತ್ತದೆ.

ಬಂಗುಡೆಗೆ ಎರಡು ಮೊತ್ತ ಬಂದಿರುವುದಕ್ಕೆ ಬಹುಶಃ ಕೆಲವು ಸಾಲುಗಳಲ್ಲಿ ಹೆಸರಿನ ನಂತರ ಒಂದು ಖಾಲಿ ಜಾಗ ಉಳಿದಿರುವುದೇ ಕಾರಣ. ಕಣ್ಣಿಗೆ ಎರಡೂ ಒಂದೇ, ಪೈಥಾನಿಗೆ ಎರಡು ಬೇರೆ ಹೆಸರುಗಳು. ಸ್ಟ್ರಿಪ್ ಎಂಬ ಆದೇಶ ಅಂಥ ಖಾಲಿ ಜಾಗವನ್ನು ತೆಗೆಯುತ್ತದೆ. ಹೆಸರನ್ನು ಡಿಕ್ಷನರಿಗೆ ಸೇರಿಸುವ ಮೊದಲು ಅದನ್ನು ಬಳಸಿ.

ಪಾಂಡಾಸ್ ಪುಸ್ತಕವನ್ನು ಈಗಲೇ ತೆಗೆದುಕೊಳ್ಳಬೇಡಿ ಎಂದೇ ನನ್ನ ಸಲಹೆ. ಒಂದು ಸಾಲಿನಲ್ಲಿ ಕೆಲಸವಾಗುವುದು ನಿಜ, ಆದರೆ ಆ ಸಾಲಿನ ಉತ್ತರ ತಪ್ಪಾದಾಗ ಎಲ್ಲಿ ತಪ್ಪಿತೆಂದು ಹುಡುಕುವ ಬಲ ಬರುವುದು ಈಗ ನೀವು ಬರೆದಂಥ ನಾಲ್ಕೈದು ಸಾಲುಗಳನ್ನು ಬರೆದು ಅಭ್ಯಾಸವಾದ ಮೇಲೆಯೇ. ಮೂಲಪಾಠಗಳು ಮುಗಿದ ನಂತರ ಎನ್‌ಸಿಇಆರ್‌ಟಿಯ ಹನ್ನೆರಡನೆಯ ತರಗತಿಯ ಇನ್ಫಾರ್ಮ್ಯಾಟಿಕ್ಸ್ ಪ್ರಾಕ್ಟೀಸಸ್ ಪುಸ್ತಕವನ್ನು ನೋಡಿ. ಅದರಲ್ಲಿ ಪಾಂಡಾಸ್ ಬಗ್ಗೆ ಎರಡು ಅಧ್ಯಾಯಗಳೂ, ನಕ್ಷೆ (ಗ್ರಾಫ್) ಬರೆಯುವ ಬಗ್ಗೆ ಒಂದು ಅಧ್ಯಾಯವೂ ಇವೆ. ಆರಂಭಕ್ಕೆ ಅಷ್ಟು ಸಾಕು.

ಮಣಿಪಾಲದವರು ಅಭ್ಯಾಸಗಳ ಬಗ್ಗೆ ಹೇಳಿದ್ದು ಸರಿಯಾಗಿದೆ. ಮೂಲಪಾಠಕ್ಕೆ ಕ್ರ್ಯಾಶ್ ಕೋರ್ಸ್, ಕೆಲಸಕ್ಕೆ ಸ್ವೈಗಾರ್ಟ್ ಎಂಬ ಕ್ರಮವನ್ನು ನಾನೂ ಒಪ್ಪುತ್ತೇನೆ. ಕೊಳ್ಳುವುದು ಒಂದೇ ಪುಸ್ತಕವಾಗಿರಲಿ. ಇನ್ನೊಂದು ಹೇಗೂ ಉಚಿತ.

ಸ್ವರ್ಣಾತೀರ (ಮಣಿಪಾಲ)

ಎಕ್ಸೆಲ್ ಅಧ್ಯಾಯಕ್ಕೆ ಬಂದಾಗ ನಿಮಗೆ ಎದುರಾಗುವ ಕೆಲವು ಸಂಗತಿಗಳನ್ನು ಈಗಲೇ ಹೇಳಿಬಿಡುತ್ತೇನೆ, ಪುಸ್ತಕದ ಅಂಚಿನಲ್ಲಿ ಬರೆದಿಟ್ಟುಕೊಳ್ಳಿ.

ಓಪನ್‌ಪೈಎಕ್ಸ್ಎಲ್ ಹಳೆಯ ಎಕ್ಸ್‌ಎಲ್‌ಎಸ್ ಮಾದರಿಯ ಕಡತಗಳನ್ನು ಓದುವುದಿಲ್ಲ. ಅವನ್ನು ಎಕ್ಸೆಲ್‌ನಲ್ಲಿ ತೆರೆದು ಹೊಸ ಮಾದರಿಗೆ ಉಳಿಸಿಕೊಳ್ಳಬೇಕು. ಮೊತ್ತದ ಕೋಶದಲ್ಲಿ ನೀವು ಸೂತ್ರ ಬರೆದಿದ್ದರೆ ಅದು ಮೊತ್ತದ ಬದಲು ಸೂತ್ರದ ಪಠ್ಯವನ್ನೇ ಕೊಡುತ್ತದೆ. ಕಡತ ತೆರೆಯುವಾಗ ‘ಡೇಟಾ ಓನ್ಲಿ’ ಎಂಬ ಆಯ್ಕೆಯನ್ನು ಕೊಟ್ಟರೆ ಎಕ್ಸೆಲ್ ಕೊನೆಯ ಬಾರಿ ಲೆಕ್ಕ ಹಾಕಿ ಉಳಿಸಿದ್ದ ಸಂಖ್ಯೆ ಸಿಗುತ್ತದೆ. ಹಾಗೆ ತೆರೆದ ಕಡತವನ್ನು ಅದೇ ಹೆಸರಿನಲ್ಲಿ ಮತ್ತೆ ಉಳಿಸಿದರೆ ಸೂತ್ರಗಳೆಲ್ಲ ಅಳಿಸಿಹೋಗುತ್ತವೆ. ಆದ್ದರಿಂದ ಕಚೇರಿಯ ಮೂಲ ಕಡತವನ್ನು ಮುಟ್ಟದೆ ಪ್ರತಿಯ ಮೇಲೆ ಮಾತ್ರ ಕೆಲಸ ಮಾಡಿ.

ಹಣದ ಲೆಕ್ಕಕ್ಕೆ ಇನ್ನೊಂದು ಮಾತು. 0.1ಕ್ಕೆ 0.2 ಕೂಡಿಸಿದರೆ ಪೈಥಾನ್ 0.30000000000000004 ಎಂದು ತೋರಿಸುತ್ತದೆ. ದಶಮಾಂಶ ಸಂಖ್ಯೆಗಳನ್ನು ಕಂಪ್ಯೂಟರ್ ಎರಡರ ಆಧಾರದಲ್ಲಿ ಇಟ್ಟುಕೊಳ್ಳುವುದರಿಂದ ಹೀಗಾಗುತ್ತದೆ. ರೌಂಡ್ ಎಂಬ ಫಂಕ್ಷನ್ 2.5ನ್ನು 3 ಮಾಡುವುದಿಲ್ಲ, 2 ಮಾಡುತ್ತದೆ, 3.5ನ್ನು 4 ಮಾಡುತ್ತದೆ. ಸರಿಯಾಗಿ ಅರ್ಧಕ್ಕೆ ಬಂದಾಗ ಹತ್ತಿರದ ಸಮಸಂಖ್ಯೆಗೆ ಹೋಗುವುದು ಅದರ ನಿಯಮ. ನಿಮ್ಮ ಕಚೇರಿಯಲ್ಲಿ ಐವತ್ತು ಪೈಸೆಯನ್ನು ಯಾವಾಗಲೂ ಮೇಲಕ್ಕೆ ಏರಿಸುವ ಕ್ರಮವಿದ್ದರೆ, ಪುಸ್ತಕದಲ್ಲಿ ಕಲಿತ ರೌಂಡ್ ಬಳಸಿದಾಗ ನಿಮ್ಮ ಮೊತ್ತಕ್ಕೂ ಖಾತೆಯ ಮೊತ್ತಕ್ಕೂ ರೂಪಾಯಿಯ ವ್ಯತ್ಯಾಸ ಬರಬಹುದು. ಎಲ್ಲವನ್ನೂ ಪೈಸೆಯಲ್ಲಿ ಪೂರ್ಣಸಂಖ್ಯೆಯಾಗಿ ಇಟ್ಟುಕೊಂಡು ಕೂಡಿಸುವುದು ಸುಲಭದ ದಾರಿ. ಡೆಸಿಮಲ್ ಎಂಬ ಮಾಡ್ಯೂಲಿನಲ್ಲಿ ಅರ್ಧವನ್ನು ಯಾವ ಕಡೆಗೆ ಏರಿಸಬೇಕೆಂದು ನಾವೇ ಹೇಳಬಹುದು. ಅದು ಪೈಥಾನಿನ ಜೊತೆಗೇ ಬರುವುದರಿಂದ ಬೇರೆ ಹಾಕಿಕೊಳ್ಳಬೇಕಾಗಿಲ್ಲ. ಜೂನ್ ಬರುವ ಮೊದಲು ಒಂದು ತಿಂಗಳ ಕಡತಗಳನ್ನು ಪ್ರತಿ ಮಾಡಿ, ಕೈಯಿಂದ ಕೂಡಿಸಿದ ಮೊತ್ತವನ್ನೂ ಅದರೊಂದಿಗೆ ಬರೆದಿಟ್ಟುಕೊಳ್ಳಿ. ನಿಮ್ಮ ಪ್ರೋಗ್ರಾಂ ಕೊಡುವ ಉತ್ತರವನ್ನು ಅದರ ಪಕ್ಕದಲ್ಲಿಟ್ಟು ಪೈಸೆ ಪೈಸೆ ತಾಳೆ ನೋಡಬಹುದು.